ಜಾಜಿಯರ ಟೋಪಿ: ಸೊಕೊಟೊದ ಮಹಿಳಾ ಶಿಕ್ಷಣ ಜಾಲದ ಕಥೆ

ಹಿಜರಿ 1219ರ ರಮಝಾನ್ ತಿಂಗಳು, ಅಂದರೆ 1804ರ ಡಿಸೆಂಬರ್. ಇಂದಿನ ಉತ್ತರ ನೈಜೀರಿಯಾದಲ್ಲಿದ್ದ ಗೋಬಿರ್ ರಾಜ್ಯದ ರಾಜಧಾನಿ ಅಲ್ಕಲಾವಾದ ಸಮೀಪ, ತ್ಸುಂತುವಾ ಎಂಬಲ್ಲಿ ಶೇಖ್ ಉಸ್ಮಾನ್ ದಾನ್ ಫೋದಿಯೊ ಅವರ ಅನುಯಾಯಿಗಳು ಭಾರೀ ಸೋಲುಂಡರು. ಆ ಒಂದು ಕಾಳಗದಲ್ಲಿ ಸುಮಾರು 2000 ಮಂದಿ ಮಡಿದರು. ಅವರಲ್ಲಿ 200 ಮಂದಿ ಪವಿತ್ರ ಕುರ್‌ಆನನ್ನು ಕಂಠಪಾಠ ಮಾಡಿದ್ದ ಹಾಫಿಝರು. ಈ ಲೆಕ್ಕವನ್ನು ಬರೆದಿಟ್ಟವರು ಶೇಖರ ಮಗ ಮುಹಮ್ಮದ್ ಬೆಲ್ಲೊ. ಸತ್ತವರ ಸಂಖ್ಯೆ ಹೇಳಿ ಸುಮ್ಮನಾಗದೆ, ಅವರಲ್ಲಿ ಹಾಫಿಝರು ಎಷ್ಟು ಎಂದು ಬಿಡಿಸಿ ಹೇಳಬೇಕೆಂದು ಅವರಿಗೆ ಅನಿಸಿತು ಎಂಬುದೇ ಒಂದು ಮುಖ್ಯ ಸಂಗತಿ. ಬೋಧನೆಯನ್ನೇ ಬಂಡವಾಳವಾಗಿ ಹೊಂದಿದ್ದ ಒಂದು ಚಳವಳಿ ತನ್ನ ಶಿಕ್ಷಕರನ್ನು ಒಂದೇ ದಿನದಲ್ಲಿ ಕಳೆದುಕೊಂಡಿತ್ತು.

ನಾಲ್ಕು ವರ್ಷಗಳ ಬಳಿಕ, 1808ರಲ್ಲಿ, ಅಲ್ಕಲಾವಾ ಪತನವಾಯಿತು. ಮರುವರ್ಷ ಸೊಕೊಟೊ ಪಟ್ಟಣ ತಲೆಯೆತ್ತಿತು. ಪಶ್ಚಿಮ ಆಫ್ರಿಕದ ಹತ್ತಾರು ಅಮೀರರ ಆಡಳಿತಗಳು ಅದರ ಖಿಲಾಫತನ್ನು ಒಪ್ಪಿಕೊಂಡವು. ಅಧಿಕಾರವೇನೋ ಸಿಕ್ಕಿತು. ಆದರೆ ಯಾವ ಸುಧಾರಣೆಗಾಗಿ ಇಷ್ಟೆಲ್ಲ ನಡೆಯಿತೋ ಅದನ್ನು ಮನೆಮನೆಗೆ ತಲುಪಿಸುವವರು ಯಾರು? ಇಸ್ಲಾಮೀ ಚಳವಳಿಗಳ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಯುದ್ಧಗಳನ್ನೂ ಸಿದ್ಧಾಂತಗಳನ್ನೂ ದಾಖಲಿಸಿ ಮುಂದೆ ಸಾಗುತ್ತಾರೆ. ಗೆದ್ದ ಮರುದಿನ ಬೆಳಿಗ್ಗೆ ಏಳುವ ಈ ಪ್ರಶ್ನೆಯ ಮುಂದೆ ಅವರು ನಿಲ್ಲುವುದು ಕಡಿಮೆ. ಸೊಕೊಟೊದಲ್ಲಿ ಇದಕ್ಕೆ ಉತ್ತರ ಹುಡುಕಿದವರು ಓರ್ವ ಮಹಿಳೆ. ಶೇಖರ ಮಗಳು, ಬೆಲ್ಲೊ ಅವರ ತಂಗಿ ನಾನಾ ಅಸ್ಮಾ.

ಅವರ ಕೆಲಸ ಅರ್ಥವಾಗಬೇಕಾದರೆ ತಂದೆಯ ಕೆಲಸವನ್ನು ಸ್ವಲ್ಪ ನೋಡಬೇಕು. 1754ರಲ್ಲಿ ಜನಿಸಿದ ಉಸ್ಮಾನ್ ಫುಲಾನಿ ವಿದ್ವಾಂಸರ ಮನೆತನದವರು. ಜನರು ಅವರನ್ನು ಗೌರವದಿಂದ 'ಶೆಹು' ಎನ್ನುತ್ತಿದ್ದರು. ಅವರಿಗೆ ಪಾಠ ಹೇಳಿದವರಲ್ಲಿ ತಾಯಿ ಹವ್ವಾ ಮತ್ತು ಅಜ್ಜಿ ರುಖಯ್ಯಾ ಕೂಡ ಇದ್ದರು. 1774ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಅವರು ದೆಗೆಲ್ ಎಂಬ ಊರಿನಿಂದ ಹೊರಟು ಹಳ್ಳಿಹಳ್ಳಿಗಳಲ್ಲಿ ಬೋಧಿಸತೊಡಗಿದರು. ಗ್ರಂಥಗಳನ್ನು ಅರಬಿಯಲ್ಲಿ ಬರೆದರೂ ಜನರ ಮುಂದೆ ನಿಂತಾಗ ಅವರು ಬಳಸುತ್ತಿದ್ದುದು ಜನರ ಮಾತು. ದನ ಕಾಯುವ ಫುಲಾನಿಗಳಿಗೆ ಫುಲ್ಫುಲ್ದೆ, ಬೇಸಾಯಗಾರರಿಗೂ ಪೇಟೆಯವರಿಗೂ ಹೌಸಾ. ಈ ಎರಡೂ ಭಾಷೆಗಳನ್ನು ಅರಬಿ ಅಕ್ಷರಗಳಲ್ಲಿ ಬರೆಯುವ ಪದ್ಧತಿಗೆ ಅಲ್ಲಿ ಅಜಮಿ ಎಂದು ಹೆಸರು.

ಅವರ ಸಭೆಗಳಿಗೆ ಸ್ತ್ರೀಯರೂ ಬರುತ್ತಿದ್ದರು. ಇದು ದೊಡ್ಡ ವಿವಾದವಾಯಿತು. ಬೋರ್ನು ಕಡೆಯ ವಿದ್ವಾಂಸ ಮುಸ್ತಫಾ ಗೋನಿ ಎಂಬವರು ಪದ್ಯದಲ್ಲೇ ಆಕ್ಷೇಪ ಬರೆದು ಕಳಿಸಿದರು. ಪ್ರವಚನಕ್ಕೆ ಹೆಂಗಸರು ಬರುವುದನ್ನು ನಿಲ್ಲಿಸಿ ಎಂಬುದು ಅದರ ತಾತ್ಪರ್ಯ. ಶೇಖರ ಪರವಾಗಿ ಉತ್ತರಿಸಿದವರು ಅವರ ತಮ್ಮ ಅಬ್ದುಲ್ಲಾಹಿ. ಅವರದ್ದೂ ಪದ್ಯವೇ. ಸ್ತ್ರೀಪುರುಷರು ಒಂದೆಡೆ ಸೇರುವುದು ಒಂದು ಕೆಡುಕೆಂದೇ ಇಟ್ಟುಕೊಂಡರೂ, ಅವರನ್ನು ಅಜ್ಞಾನದಲ್ಲಿ ಬಿಡುವುದು ಅದಕ್ಕಿಂತ ಎಷ್ಟೋ ದೊಡ್ಡ ಕೆಡುಕು ಎಂಬುದು ಅವರ ವಾದ. ಸ್ವತಃ ಶೇಖರು 'ನೂರುಲ್ ಅಲ್‌ಬಾಬ್' ಎಂಬ ಕೃತಿಯಲ್ಲಿ ಇನ್ನೂ ಕಟುವಾಗಿ ಬರೆದರು. ಪರವೂರಿನ ಶಿಷ್ಯರಿಗೆ ಹಗಲಿರುಳು ಪಾಠ ಹೇಳುವ ವಿದ್ವಾಂಸರು ತಮ್ಮ ಸ್ವಂತ ಪತ್ನಿ ಪುತ್ರಿಯರನ್ನು ಏನೂ ತಿಳಿಯದ ಸ್ಥಿತಿಯಲ್ಲಿ ಬಿಟ್ಟಿರುವುದನ್ನು ಅವರು ಬಯಲಿಗೆಳೆದರು. ಪತಿಯ ಮಾತು ಕೇಳಿ ಎಂದಷ್ಟೇ ಉಪದೇಶಿಸಿ, ದೇವನ ಮತ್ತು ಪ್ರವಾದಿಯವರ(ಸ) ಮಾತನ್ನು ತಿಳಿಯುವ ದಾರಿಯನ್ನೇ ಮುಚ್ಚುವವರನ್ನು ನಂಬಬೇಡಿ ಎಂದು ನೇರವಾಗಿ ಮಹಿಳೆಯರನ್ನೇ ಉದ್ದೇಶಿಸಿ ಎಚ್ಚರಿಸಿದರು. ಇನ್ನೂರು ವರ್ಷಗಳ ಹಿಂದಿನ ಬರಹ ಇದು. ನಮ್ಮ ಕೆಲವು ಮಿಂಬರ್‌ಗಳ ಪ್ರವಚನ ಕೇಳಿದ ದಿನ ಇದನ್ನು ಓದಿದರೆ ಕಾಲ ಹಿಂದಕ್ಕೆ ಓಡಿದೆಯೇ ಎಂಬ ಅನುಮಾನ ಬರುತ್ತದೆ.

ನಾನಾ ಅಸ್ಮಾ ಹುಟ್ಟಿದ್ದು 1793ರಲ್ಲಿ, ದೆಗೆಲ್‌ನಲ್ಲಿ. ಅವಳಿ ಮಕ್ಕಳು. ಗಂಡು ಮಗುವಿಗೆ ಹಸನ್ ಎಂದು ಹೆಸರಿಟ್ಟರೂ ಹೆಣ್ಣು ಮಗುವಿಗೆ ರೂಢಿಯಂತೆ ಅದರ ಜೋಡಿ ಹೆಸರನ್ನು ಇಡದೆ, ತಂದೆ ಅಸ್ಮಾ ಎಂದು ಕರೆದರು. ಹಿಜ್ರಾದ ವೇಳೆ ಗುಹೆಗೆ ಬುತ್ತಿ ಒಯ್ದ ಹಝ್ರತ್ ಅಬೂಬಕರ್(ರ) ಅವರ ಪುತ್ರಿ ಹಝ್ರತ್ ಅಸ್ಮಾ(ರ) ಅವರ ನೆನಪಿನ ಹೆಸರದು. 'ನಾನಾ' ಎಂಬುದು ಗೌರವ ಸೂಚಕ. ಮನೆಯೇ ಮದ್ರಸವಾಗಿತ್ತು. ಅರಬಿ, ಫುಲ್ಫುಲ್ದೆ, ಹೌಸಾ ಭಾಷೆಗಳಲ್ಲಿ ಕಾವ್ಯ ಬರೆಯುವಷ್ಟು ಹಿಡಿತ ಅವರಿಗೆ ಅಲ್ಲೇ ದಕ್ಕಿತು. ಅವರ ಅಕ್ಕ ಖದೀಜಾ ಮಾಲಿಕೀ ಕರ್ಮಶಾಸ್ತ್ರದ ಪ್ರಸಿದ್ಧ ಗ್ರಂಥ 'ಮುಖ್ತಸರ್ ಖಲೀಲ್' ಅನ್ನು ಫುಲ್ಫುಲ್ದೆಗೆ ತಂದರು. ಅಸ್ಮಾ ಒಂಟಿ ವಿಸ್ಮಯವಾಗಿರಲಿಲ್ಲ, ಕಲಿತ ಹೆಂಗಸರ ಒಂದು ಸಾಲಿನಲ್ಲಿ ಒಬ್ಬರಾಗಿದ್ದರು ಎಂಬುದನ್ನು ಮರೆಯಬಾರದು. ಹನ್ನೊಂದರ ವಯಸ್ಸಿನಲ್ಲಿ, 1804ರ ಫೆಬ್ರವರಿಯಲ್ಲಿ, ಇಡೀ ಸಮುದಾಯ ದೆಗೆಲ್ ಬಿಟ್ಟು ಗುಡುವಿಗೆ ಹೊರಟಾಗ ಅವರೂ ಹೊರಟರು. ಯುದ್ಧದ ನಡುವೆಯೇ ಗಿದಾದೊ ಎಂಬವರೊಂದಿಗೆ ಅವರ ವಿವಾಹವಾಯಿತು. ಈ ಗಿದಾದೊ ಅವರೇ ಮುಂದೆ ಬೆಲ್ಲೊ ಅವರ ವಝೀರರಾದರು.

1817ರಲ್ಲಿ ಶೇಖ್ ನಿಧನರಾದರು. ಅದೇ ವರ್ಷ ಅವಳಿ ಸೋದರ ಹಸನ್ ಕೂಡ ತೀರಿಕೊಂಡರು. ಬೆಲ್ಲೊ ಖಲೀಫರಾದರು. ಆ ಹೊತ್ತಿಗೆ ಸಮಸ್ಯೆಯ ಸ್ವರೂಪ ಬದಲಾಗಿತ್ತು. ಹಿಂದೆ ಚಳವಳಿಗೆ ಬರುತ್ತಿದ್ದವರು ತಾವಾಗಿ ಬಂದವರು. ಈಗ ಆಳ್ವಿಕೆಯಡಿ ಇದ್ದವರಲ್ಲಿ ಗೆಲ್ಲಲ್ಪಟ್ಟವರೂ ಸೆರೆಯಾದವರೂ ಬಹಳ. ಯುದ್ಧದಲ್ಲಿ ಗಂಡಂದಿರನ್ನು ಕಳೆದುಕೊಂಡ ಗೋಬಿರ್‌ನ ಸ್ತ್ರೀಯರು ಸೆರೆಯಾಳುಗಳಾಗಿ, ದಾಸಿಯರಾಗಿ ಗೆದ್ದವರ ಮನೆಗಳನ್ನು ಸೇರಿದ್ದರು. ಅವರು ತಮ್ಮೊಂದಿಗೆ 'ಬೋರಿ' ಎಂಬ ಆಚರಣೆಯನ್ನೂ ತಂದರು. ಮೈಮೇಲೆ ಶಕ್ತಿಗಳನ್ನು ಆವಾಹಿಸಿಕೊಂಡು ರೋಗ ಗುಣಪಡಿಸುವ, ಶಕುನ ಹೇಳುವ ಪದ್ಧತಿ ಅದು. ಗೋಬಿರ್‌ನಲ್ಲಿ ಅದರ ಮುಖ್ಯಸ್ಥೆಗೆ 'ಇನ್ನಾ' ಎಂಬ ಬಿರುದಿತ್ತು, ರಾಜಮನೆತನದ ಮಾನ್ಯತೆಯಿತ್ತು. ನಿಷೇಧದ ಆಜ್ಞೆ ಹೊರಡಿಸಿದ ಮಾತ್ರಕ್ಕೆ ಇಂಥದ್ದು ಹೋಗುವುದಿಲ್ಲ. ಏಕೆಂದರೆ ಬೋರಿ ಕೂಟ ಹೆಂಗಸರಿಗೆ ನಂಬಿಕೆಯಷ್ಟೇ ಆಗಿರದೆ ಕಷ್ಟಸುಖ ಹೇಳಿಕೊಳ್ಳುವ ಒಂದು ಜಾಗವೂ ಆಗಿತ್ತು. ಆ ಜಾಗವನ್ನು ಕಸಿದುಕೊಂಡು ಬದಲಿಗೆ ಏನನ್ನೂ ಕೊಡದಿದ್ದರೆ ಆಚರಣೆ ಕದ್ದುಮುಚ್ಚಿ ಮುಂದುವರಿಯುತ್ತದೆ, ಅಷ್ಟೆ.

ಗಡಿ ಪ್ರದೇಶಗಳಲ್ಲಿ ಬೆಲ್ಲೊ 'ರಿಬಾತ್' ಎಂಬ ಕೋಟೆಯೂರುಗಳನ್ನು ಕಟ್ಟಿಸಿ ಅಲ್ಲಿ ಜನರನ್ನು ನೆಲೆಗೊಳಿಸಿ, ಮಸೀದಿ, ಪಾಠ, ಕಸುಬುಗಳಿಗೆ ಏರ್ಪಾಡು ಮಾಡಿದರು. ಅದು ಪುರುಷ ಲೋಕಕ್ಕಾಯಿತು. ಮನೆಯೊಳಗಿನ ಲೋಕಕ್ಕೆ? ಅಲ್ಲಿ ಪರದೆಯ ಪದ್ಧತಿಯಿತ್ತು. ಹೆರುವ ವಯಸ್ಸಿನ ವಿವಾಹಿತೆಯರು ಊರು ಬಿಟ್ಟು ಪಾಠಕ್ಕೆಂದು ಹೋಗುವಂತಿರಲಿಲ್ಲ. ಪುರುಷ ಶಿಕ್ಷಕರು ಒಳಮನೆಗೆ ಬರುವಂತಿರಲಿಲ್ಲ. ಈ ಎರಡೂ ಬಾಗಿಲು ಮುಚ್ಚಿರುವಲ್ಲಿ ಮೂರನೆಯ ಬಾಗಿಲನ್ನು ತೆರೆದುದೇ ಅಸ್ಮಾ ಅವರ ಸಾಧನೆ.

ಅದರ ಹೆಸರು 'ಯಾನ್ ತಾರು'. ಒಟ್ಟು ಸೇರುವವರು ಎಂದು ಹೌಸಾ ಭಾಷೆಯಲ್ಲಿ ಅರ್ಥ. 1830ರ ದಶಕದಲ್ಲಿ ರೂಪು ತಳೆದ ಈ ಸಂಘಟನೆಯ ವ್ಯವಸ್ಥೆ ಮೇಲ್ನೋಟಕ್ಕೆ ಬಹಳ ಸರಳ. ಪ್ರತಿ ಹಳ್ಳಿಯಿಂದ ಎರಡು ಬಗೆಯವರು ಗುಂಪಾಗಿ ಸೊಕೊಟೊಕ್ಕೆ ಬರುತ್ತಿದ್ದರು. ಒಂದು, ಮದುವೆಯ ವಯಸ್ಸಿಗೆ ಬಾರದ ಹುಡುಗಿಯರು. ಇನ್ನೊಂದು, ಹೆರಿಗೆಯ ಕಾಲ ದಾಟಿದ ಹಿರಿಯ ಹೆಂಗಸರು. ಓಡಾಟದ ನಿರ್ಬಂಧ ಈ ಇಬ್ಬರಿಗೂ ಇರಲಿಲ್ಲ. ಪ್ರತಿ ಗುಂಪಿಗೆ ಒಬ್ಬ ನಾಯಕಿ. ಆಕೆಗೆ 'ಜಾಜಿ' ಎಂದು ಹೆಸರು. ನಮ್ಮ ಜಾಜಿ ಹೂವಿಗೂ ಇದಕ್ಕೂ ಸಂಬಂಧವಿಲ್ಲ. ಮರುಭೂಮಿಯ ದಾರಿಯಲ್ಲಿ ವ್ಯಾಪಾರಿಗಳ ತಂಡವನ್ನು ಮುನ್ನಡೆಸುವವನನ್ನು ಹೌಸಾದಲ್ಲಿ ಜಾಜಿ ಎನ್ನುತ್ತಾರೆ. ಜಾಜಿ ತನ್ನ ಗುಂಪನ್ನು ಕರೆದುಕೊಂಡು ಬಂದು, ಅಸ್ಮಾ ಅವರಿಂದ ಕಲಿತು, ಊರಿಗೆ ಮರಳಿ, ಹೊರಗೆ ಬರಲಾಗದ ಹೆಂಗಸರ ಮನೆಗಳಿಗೆ ಹೋಗಿ ಅದನ್ನೇ ಕಲಿಸುತ್ತಿದ್ದಳು. ಶಿಷ್ಯೆ ಗುರುವಿನ ಬಳಿಗೆ ಬರಲಾಗದಿದ್ದರೆ ಗುರುವೇ ಶಿಷ್ಯೆಯ ಅಂಗಳಕ್ಕೆ ನಡೆದು ಹೋಗುವ ಏರ್ಪಾಡು. ತರಬೇತಿ ಶಿಬಿರ ಎಂದೊಡನೆ ಸಭಾಂಗಣ, ಬ್ಯಾನರು, ಉದ್ಘಾಟಕರ ಪಟ್ಟಿ ಎಂದು ಯೋಚಿಸುವ ನಮಗೆ ಇದು ತೀರಾ ಸಾದಾ ಎನಿಸಬಹುದು. ಆದರೆ ಯಾರಿಗೆ ಕಲಿಸಬೇಕು, ಅವರು ಎಲ್ಲಿದ್ದಾರೆ, ಅವರ ಬಳಿಗೆ ಯಾರು ಹೋಗಬಲ್ಲರು ಎಂಬ ಮೂರು ಪ್ರಶ್ನೆಗಳಿಂದ ಹೊರಟ ಯೋಜನೆ ಅದು. ಸಭಾಂಗಣದಿಂದ ಹೊರಟದ್ದಲ್ಲ.

ಇನ್ನು ಟೋಪಿಯ ವಿಚಾರ. ಪ್ರತಿ ಜಾಜಿಗೆ ಅಸ್ಮಾ ಅವರು 'ಮಲ್ಫಾ' ಎಂಬ ಟೋಪಿಯನ್ನು ಕೊಡುತ್ತಿದ್ದರು. ತಾಳೆಯ ಜಾತಿಯ ಮರದ ಎಳೆಗಳಿಂದ ಹೆಣೆದ ಅಗಲ ಅಂಚಿನ ಟೋಪಿ. ಅದರ ಸುತ್ತ ಒಂದು ಕೆಂಪು ಬಟ್ಟೆಯ ಪಟ್ಟಿಯನ್ನು ತಾವೇ ಕಟ್ಟಿಕೊಡುತ್ತಿದ್ದರು. ಗಂಡಸರು ಧರಿಸುತ್ತಿದ್ದ ಇಂಥ ಟೋಪಿ ಗೋಬಿರ್‌ನಲ್ಲಿ ಬೋರಿಯ ಮುಖ್ಯಸ್ಥೆ ಇನ್ನಾಳ ಅಧಿಕಾರದ ಗುರುತೂ ಆಗಿತ್ತು. ಅಸ್ಮಾ ಅದನ್ನು ಸುಡಲಿಲ್ಲ, ಹರಾಮೆಂದು ಬಿಸುಡಲಿಲ್ಲ. ಅದನ್ನೇ ತೆಗೆದುಕೊಂಡು ಶಿಕ್ಷಕಿಯ ತಲೆಗೆ ಇಟ್ಟರು. ಗೋಬಿರ್‌ನ ಹೆಣ್ಣುಮಗಳೊಬ್ಬಳು ಆ ಟೋಪಿ ಕಂಡರೆ ಆಕೆಗೆ ವಿವರಣೆ ಬೇಕಿರಲಿಲ್ಲ. ಈ ಹೆಂಗಸಿನ ಮಾತಿಗೆ ತೂಕವಿದೆ, ಈಕೆಯ ಬಳಿ ಹೋಗಬಹುದು ಎಂಬುದು ಆಕೆಗೆ ಮೊದಲೇ ಗೊತ್ತಿತ್ತು. ಶತ್ರುವಿನ ಸಂಕೇತವನ್ನು ಹೀಗೆ ಪಳಗಿಸುವುದಕ್ಕೆ ಪಾಂಡಿತ್ಯಕ್ಕಿಂತ ಲೋಕಜ್ಞಾನ ಬೇಕು. ಅವರ ಸೋದರರ ಗ್ರಂಥರಾಶಿಯಲ್ಲಿ ಎಷ್ಟೋ ದೊಡ್ಡ ವಾದಗಳಿವೆ, ನಿಜ. ಆದರೆ ಈ ಟೋಪಿಯಷ್ಟು ಕೆಲಸ ಮಾಡಿದ ವಾದ ಅವುಗಳಲ್ಲಿ ಯಾವುದಿದೆಯೋ ಹೇಳುವುದು ಕಷ್ಟ.

ಪಠ್ಯಕ್ರಮ ಯಾವುದು? ಅಸ್ಮಾ ಅವರ ಪದ್ಯಗಳೇ. ಅವರ ಅರವತ್ತಕ್ಕೂ ಹೆಚ್ಚು ಕೃತಿಗಳು ಉಳಿದು ಬಂದಿವೆ, ಬಹುಪಾಲು ಪದ್ಯ ರೂಪದವು. ಓದಲು ಬರೆಯಲು ಬಾರದ, ಕಾಗದ ದುಬಾರಿಯಾಗಿದ್ದ ಸಮಾಜದಲ್ಲಿ ಪುಸ್ತಕವನ್ನು ಹೊತ್ತು ಸಾಗಿಸುವ ಅತ್ಯುತ್ತಮ ಚೀಲವೆಂದರೆ ನೆನಪು. ನೆನಪಿನಲ್ಲಿ ಉಳಿಯಬೇಕಾದರೆ ಲಯ ಬೇಕು, ಪ್ರಾಸ ಬೇಕು. ಕುರ್‌ಆನಿನ ಕುರಿತ ಅವರ ಒಂದು ಪದ್ಯವನ್ನೇ ನೋಡಿ. ಎಲ್ಲ ಸೂರಃಗಳ ಹೆಸರುಗಳನ್ನು ಪೋಣಿಸಿದ ಒಂದು ಚಿಕ್ಕ ರಚನೆ ಅದು. ಅದನ್ನು ಅವರು ಮೂರು ಭಾಷೆಗಳಲ್ಲಿ ಬೇರೆ ಬೇರೆಯಾಗಿ ರಚಿಸಿದರು. ಓದಿದರೆ ಬರೇ ಹೆಸರುಗಳ ಪಟ್ಟಿ, ಕಾವ್ಯವೆಂದು ಕೊಂಡಾಡುವಂಥದ್ದೇನೂ ಇಲ್ಲ. ಅದರ ಗುಟ್ಟು ಬೇರೆ ಇದೆ. ತರಬೇತಿ ಪಡೆದ ಜಾಜಿಗೆ ಪ್ರತಿ ಹೆಸರೂ ಒಂದು ಪಾಠದ ಶೀರ್ಷಿಕೆ. 'ಮರ್ಯಮ್' ಎಂಬ ಹೆಸರು ಬಂದಾಗ ಮರ್ಯಮರ ಕಥೆಯನ್ನು ಬಿಡಿಸಬಹುದು. 'ಯೂಸುಫ್' ಎಂದಾಗ ಸಹನೆಯ ಕುರಿತು ಹೇಳಬಹುದು. ಜೋಳ ಕುಟ್ಟುತ್ತಾ ನೂಲು ತೆಗೆಯುತ್ತಾ ಕೂತ ಹೆಂಗಸರ ನಡುವೆ ಒಂದು ಸಾಲು ಹಾಡಿದರೆ ಸಾಕು, ಅಂದಿನ ಪಾಠಕ್ಕೆ ದಾರಿಯಾಯಿತು. ಜಾಜಿ ಕಂಠಪಾಠ ಮಾಡಿಕೊಂಡದ್ದು ಪದ್ಯವಾದರೂ, ಸೊಕೊಟೊದಲ್ಲಿ ಕಲಿತದ್ದು ಅದನ್ನು ಬಿಡಿಸುವ ಬಗೆಯನ್ನು.

ಉಳಿದ ಪದ್ಯಗಳಲ್ಲಿ ವುಝೂ, ನಮಾಝ್, ಉಪವಾಸ, ಝಕಾತ್‌ಗಳ ನಿಯಮಗಳಿವೆ. ಪ್ರವಾದಿಯವರ(ಸ) ಜೀವನವಿದೆ. ಶೇಖರ ಹಿಜ್ರಾ ಮತ್ತು ಯುದ್ಧಗಳ ಚರಿತ್ರೆಯಿದೆ. 1835ರಲ್ಲಿ ಬೆಲ್ಲೊ ಅವರು ಭಕ್ತ ಮಹಿಳೆಯರ ಕುರಿತು 'ಕಿತಾಬುನ್ನಸೀಹಾ' ಎಂಬ ಗದ್ಯಕೃತಿಯನ್ನು ಅರಬಿಯಲ್ಲಿ ಬರೆದರು. ಹನ್ನೆರಡನೆಯ ಶತಮಾನದ ಬಗ್ದಾದಿನ ಇಬ್ನುಲ್ ಜೌಝಿ ಅವರ 'ಸಿಫತುಸ್ಸಫ್ವಾ' ಅದಕ್ಕೆ ಆಧಾರ. ಅಸ್ಮಾ ಅದನ್ನು ಜನಭಾಷೆಯ ಪದ್ಯಕ್ಕಿಳಿಸಿದರು. ಹಝ್ರತ್ ಆಯಿಶಾ(ರ), ರಾಬಿಯಾ ಬಸ್ರಿ ಅವರಂಥವರ ಸಾಲಿನ ಕೊನೆಗೆ ತಮ್ಮದೇ ಸಮುದಾಯದ, ತಮ್ಮ ಕೇಳುಗರು ಕಣ್ಣಾರೆ ಕಂಡಿದ್ದ ಹೆಂಗಸರನ್ನೂ ಸೇರಿಸಿದರು. ಬಸ್ರಾದ ಸಂತಳ ಪಕ್ಕದಲ್ಲಿ ದೆಗೆಲ್‌ನ ಅಜ್ಜಿ! ಆದರ್ಶ ಮಹಿಳೆಯರೆಂದರೆ ಬಹು ದೂರದಲ್ಲಿ, ಬಹು ಹಿಂದೆ ಇದ್ದವರು ಎಂದು ಭಾವಿಸಿದ್ದವರಿಗೆ ಇದೊಂದು ಬೇರೆಯೇ ಪಾಠ.

ಖರ್ಚಿನ ವಿಷಯ. ಕಟ್ಟಡವಿಲ್ಲ, ಆದ್ದರಿಂದ ಕಟ್ಟಡ ನಿಧಿಯಿಲ್ಲ. ಬರುವವರು ಬರಿಗೈಯಲ್ಲಿ ಬರುತ್ತಿರಲಿಲ್ಲ. ಜೇನು, ಧಾನ್ಯ, ಬೆಣ್ಣೆ, ಬಟ್ಟೆ, ಹೀಗೆ ಊರಿನಲ್ಲಿ ಬೆಳೆದದ್ದನ್ನು ಹೊತ್ತು ತರುತ್ತಿದ್ದರು. ಅದು ಅಸ್ಮಾ ಅವರ ಕೈಯಿಂದ ಅನಾಥರಿಗೆ, ರೋಗಿಗಳಿಗೆ, ಬಡವರಿಗೆ ಹಂಚಿಹೋಗುತ್ತಿತ್ತು. ಪಾಠ ಕೇಳಲು ಬಂದವಳು ದಾನಿಯೂ ಆಗುತ್ತಿದ್ದಳು. ಜನ ಅವರನ್ನು 'ಉವರ್ ಗರಿ', ಊರ ತಾಯಿ, ಎಂದು ಕರೆದುದು ಸುಮ್ಮನೆ ಅಲ್ಲ.

ಇಲ್ಲಿ ನಮ್ಮ ದೇಶದ ಒಂದು ಹೋಲಿಕೆ ಮನಸ್ಸಿಗೆ ಬರುತ್ತದೆ. ಅಸ್ಮಾ ತೀರಿಕೊಂಡದ್ದು 1864ರಲ್ಲಿ. ಎರಡು ವರ್ಷಗಳ ಬಳಿಕ, 1866ರಲ್ಲಿ, ಉತ್ತರ ಭಾರತದ ದೇವಬಂದ್‌ನ ಛತ್ತಾ ಮಸೀದಿಯಲ್ಲಿ ದಾರುಲ್ ಉಲೂಮ್ ಆರಂಭವಾಯಿತು. 1857ರ ಬಳಿಕ ರಾಜಾಶ್ರಯವೆಂಬುದು ಇಲ್ಲವಾದಾಗ, ಸರಕಾರದ ಹಣವಿಲ್ಲದೆ, ಸಾಮಾನ್ಯರ ಚಂದಾದಿಂದಲೇ ನಡೆಯಬೇಕು ಎಂದು ಮೌಲಾನಾ ಖಾಸಿಮ್ ನಾನೌತವಿ ನಿಯಮ ಬರೆದರು. ತರಗತಿ, ನಿಗದಿತ ಪಠ್ಯ, ಪರೀಕ್ಷೆ, ವಾರ್ಷಿಕ ವರದಿ ಇವೆಲ್ಲವನ್ನೂ ಅಳವಡಿಸಿಕೊಂಡ ಅದು ನಿರ್ವಹಣೆಯ ದೃಷ್ಟಿಯಿಂದ ಹೊಸ ಕಾಲದ ಸಂಸ್ಥೆ. ಅಷ್ಟು ಕಟ್ಟುನಿಟ್ಟಿನ ವ್ಯವಸ್ಥೆ ಸೊಕೊಟೊದಲ್ಲಿರಲಿಲ್ಲ. ಆದರೆ ದೇವಬಂದ್‌ನ ಆ ತರಗತಿಗಳಲ್ಲಿ ಹೆಣ್ಣುಮಕ್ಕಳಿಗೆ ಜಾಗವಿರಲಿಲ್ಲ. ಒಂದು ಕಡೆ ಭದ್ರವಾದ ಸಂಸ್ಥೆ, ಅದರಾಚೆ ಉಳಿದ ಅರ್ಧ ಸಮುದಾಯ. ಇನ್ನೊಂದು ಕಡೆ ಗೋಡೆಯೇ ಇಲ್ಲದ ಜಾಲ, ಅದು ತಲುಪಿದ್ದು ನೇರವಾಗಿ ಆ ಅರ್ಧಕ್ಕೇ. ಎರಡನ್ನೂ ಒಂದೇ ಕಾಲದಲ್ಲಿ ಬೆಸೆದ ಚಳವಳಿ ಹತ್ತೊಂಬತ್ತನೆಯ ಶತಮಾನದಲ್ಲಿ ಎಲ್ಲೂ ಇದ್ದಂತೆ ನನಗೆ ಕಾಣುವುದಿಲ್ಲ.

ಇಷ್ಟು ಹೇಳಿ ಕೈತೊಳೆದುಕೊಂಡರೆ ಅದು ಪ್ರಶಂಸಾಪತ್ರವಾಗುತ್ತದೆ, ಇತಿಹಾಸವಾಗುವುದಿಲ್ಲ. ಸೊಕೊಟೊ ಖಿಲಾಫತ್ ಆಫ್ರಿಕದ ಅತಿದೊಡ್ಡ ಗುಲಾಮ ಸಮಾಜಗಳಲ್ಲಿ ಒಂದಾಗಿತ್ತು. ಅದರ ಹೊಲಗಳನ್ನು ಉತ್ತವರು, ದೊಡ್ಡ ಮನೆಗಳ ನೀರು ಸೇದಿದವರು, ಧಾನ್ಯ ಕುಟ್ಟಿದವರು ಬಹುಮಟ್ಟಿಗೆ ಯುದ್ಧದಲ್ಲಿ ಸೆರೆಯಾದವರು. ಅಸ್ಮಾ ಅವರಿಗೆ ಬರೆಯಲು ಸಿಕ್ಕ ಬಿಡುವಿನ ಹಿಂದೆಯೂ ಇಂಥವರ ದುಡಿಮೆಯಿತ್ತು. ಅವರು ಗೋಬಿರ್‌ನ ಸೆರೆಯಾಳು ಹೆಂಗಸರಿಗೆ ಧರ್ಮವನ್ನು ಕಲಿಸಿದರು, ಘನತೆಯ ಒಂದು ಸ್ಥಾನವನ್ನೂ ಕೊಟ್ಟರು. ಆದರೆ ಅವರನ್ನು ಸೆರೆಗೆ ತಂದ ವ್ಯವಸ್ಥೆಯನ್ನು ಪ್ರಶ್ನಿಸಲಿಲ್ಲ. ಅಷ್ಟೇ ಅಲ್ಲ, ಅವರ ಯುದ್ಧಪದ್ಯಗಳಲ್ಲಿ ಶತ್ರುವಿನ ಸೋಲಿನ ಸಂತೋಷ ಮುಚ್ಚುಮರೆಯಿಲ್ಲದೆ ಇದೆ. 1836ರ ಗವಾಕುಕೆ ಕಾಳಗದಲ್ಲಿ ಬೆಲ್ಲೊ ಗೋಬಿರ್ ಪಡೆಯನ್ನು ಮುರಿದುದನ್ನು ಅವರು ಹಾಡಿದ್ದಾರೆ. ಆ ಹಾಡನ್ನು ಗೋಬಿರ್‌ನಲ್ಲಿ ತಮ್ಮನನ್ನೋ ಮಗನನ್ನೋ ಕಳೆದುಕೊಂಡವಳು ಹೇಗೆ ಕೇಳಿರಬಹುದು? ಖಲೀಫರಿಗೆ ವಿಧೇಯರಾಗಿರಿ ಎಂಬ ಮಾತೂ ಅವರ ಪದ್ಯಗಳಲ್ಲಿ ಉಂಟು. ಯಾನ್ ತಾರು ಮಹಿಳೆಯರಿಗೆ ಅರಿವನ್ನು ತಲುಪಿಸಿದ ಹಾದಿಯಲ್ಲೇ ಅರಮನೆಯ ಮಾತೂ ಹಳ್ಳಿಗೆ ತಲುಪಿತು. ಚಳವಳಿ ಪ್ರಭುತ್ವವಾದ ಮೇಲೆ ಅದರ ಶಿಕ್ಷಣಕ್ಕೆ ಈ ಎರಡು ಮುಖಗಳು ಬಂದೇ ಬರುತ್ತವೆ.

ಹಾಗಿದ್ದೂ ಪ್ರಭುತ್ವ ಅಳಿದ ಮೇಲೆ ಈ ಜಾಲ ಅಳಿಯಲಿಲ್ಲ. ಅಸ್ಮಾ ಅವರ ನಂತರ ತಂಗಿ ಮರ್ಯಮ್ ಅದರ ಹೊಣೆ ಹೊತ್ತರು. 1903ರಲ್ಲಿ ಬ್ರಿಟಿಷರು ಸೊಕೊಟೊವನ್ನು ಗೆದ್ದರು. ಆಡಳಿತದ ಹೌಸಾ ಭಾಷೆ ಲ್ಯಾಟಿನ್ ಅಕ್ಷರಕ್ಕೆ ಬದಲಾಯಿತು. ಅಜಮಿಯಲ್ಲಿ ಓದು ಬರಹ ಬಲ್ಲವರಿಗೆ ಹೊಸ ಕಚೇರಿಗಳಲ್ಲಿ ಬೆಲೆ ಇಲ್ಲವಾಯಿತು. ಜಾಜಿಯರಿಗೆ ಕಚೇರಿಯ ಹಂಗು ಮೊದಲೂ ಇರಲಿಲ್ಲ, ಈಗಲೂ ಇರಲಿಲ್ಲ. ಅವರು ತಮ್ಮ ಪಾಡಿಗೆ ಹಾಡುತ್ತಾ ನಡೆದರು. ಹಸ್ತಪ್ರತಿಗಳು ಮನೆತನದಲ್ಲೇ ಉಳಿದವು. ಅಸ್ಮಾ ಮತ್ತು ಗಿದಾದೊ ಅವರ ವಂಶಸ್ಥರಾದ ಸೊಕೊಟೊದ ವಝೀರ್ ಜುನೈದು ಅವರು ಜೋಪಾನ ಮಾಡಿದ್ದ ಆ ಪ್ರತಿಗಳನ್ನು ಅವರ ನೆರವಿನಿಂದಲೇ ಜೀನ್ ಬಾಯ್ಡ್ ಎಂಬ ಆಂಗ್ಲ ಮಹಿಳೆ ಅಭ್ಯಸಿಸಿ, 1989ರಲ್ಲಿ ಅಸ್ಮಾರ ಜೀವನಚರಿತ್ರೆಯನ್ನೂ, 1997ರಲ್ಲಿ ಬೆವರ್ಲಿ ಮ್ಯಾಕ್ ಅವರೊಂದಿಗೆ ಸಮಗ್ರ ಕೃತಿಗಳನ್ನೂ ಪ್ರಕಟಿಸಿದರು. ನೈಜೀರಿಯಾದಲ್ಲಿ 1985ರಲ್ಲಿ ಮುಸ್ಲಿಮ್ ಮಹಿಳಾ ಸಂಘಟನೆಗಳ ಒಕ್ಕೂಟ ರಚನೆಯಾದಾಗ ಅದು ಎತ್ತಿಹಿಡಿದ ಮಾದರಿಯೂ ಅಸ್ಮಾ ಅವರದೇ. ಅಮೆರಿಕದ ಕೆಲವು ಮುಸ್ಲಿಮ್ ಮಹಿಳೆಯರು ಇಂದು ಯಾನ್ ತಾರು ಹೆಸರಿನಲ್ಲೇ ಅಧ್ಯಯನ ಕೂಟ ನಡೆಸುತ್ತಾರೆ.

ಅದೇ ನೈಜೀರಿಯಾದ ಬೋರ್ನುವಿನಲ್ಲಿ, ಚಿಬೋಕ್ ಎಂಬ ಊರಿನ ಶಾಲೆಯಿಂದ 2014ರ ಏಪ್ರಿಲ್‌ನಲ್ಲಿ ಬೊಕೊ ಹರಾಮ್‌ನವರು 276 ವಿದ್ಯಾರ್ಥಿನಿಯರನ್ನು ಅಪಹರಿಸಿದರು. ಆ ಗುಂಪಿನವರು ಶೇಖ್ ಉಸ್ಮಾನರ ಹೆಸರನ್ನು ತಮ್ಮ ಸಮರ್ಥನೆಗೆ ಎಳೆದು ತಂದುದೂ ಉಂಟು. ಶೇಖರ ಯುದ್ಧ ಅವರಿಗೆ ನೆನಪಿತ್ತು, ಅವರ ಮಗಳು ನೆನಪಿರಲಿಲ್ಲ. ಹೆಣ್ಣುಮಕ್ಕಳು ಗುಂಪಾಗಿ, ಹಾಡುತ್ತಾ, ಕಲಿಯಲೆಂದು ದಿನಗಟ್ಟಲೆ ನಡೆದು ಬರುತ್ತಿದ್ದುದೂ ಅದೇ ಚಳವಳಿಯ ಚರಿತ್ರೆಯಲ್ಲೇ ಇದೆ.

ಅಸ್ಮಾ ಅವರ ಕೃತಿಗಳಲ್ಲಿ ಚರಮಗೀತೆಗಳದ್ದೇ ಒಂದು ದೊಡ್ಡ ಪಾಲು. ಬೆಲ್ಲೊ ಅವರಿಗೆ, ಪತಿ ಗಿದಾದೊಗೆ, ಸೇನಾನಿಗಳಿಗೆ ಬರೆದವು ಅಲ್ಲಿವೆ. ಅವುಗಳ ಜೊತೆಗೆ 1844ರಲ್ಲಿ ಬರೆದ ಇನ್ನೊಂದಿದೆ. ಅದು ಹಲೀಮಾ ಎಂಬವಳ ಕುರಿತದ್ದು. ಆಕೆ ರಾಣಿಯಲ್ಲ, ವಿದುಷಿಯಲ್ಲ, ಅಸ್ಮಾ ಅವರ ನೆರೆಮನೆಯವಳು. ಸಹನೆಯುಳ್ಳವಳಾಗಿದ್ದಳು, ನೆಂಟರಿಷ್ಟರೊಂದಿಗೆ ಚೆನ್ನಾಗಿದ್ದಳು ಎಂಬಷ್ಟೇ ಅದರಲ್ಲಿ ಬರುವ ಹೊಗಳಿಕೆ. ಖಲೀಫರ ಚರಮಗೀತೆಯೊಂದಿಗೆ ಅದನ್ನೂ ಜಾಜಿಯರು ಕಲಿತು ಹಳ್ಳಿಗಳಿಗೆ ಒಯ್ದರು.